ಸೂಪಾ ಶಿವರಾಯ ಯಾರು?

ನಿವೃತ್ತ ಗ್ರಂಥಪಾಲಕ ಅಡಿವೆಯ್ಯ ಆರು ವರ್ಷದಿಂದ ಜಿಲ್ಲೆಯ ಲೇಖಕರ ಗುಪ್ತನಾಮಗಳ ಕೋಶ ಮಾಡುತ್ತಿದ್ದರು. ದಾಂಡೇಲಿಯ ಅವರ ಮನೆಯಲ್ಲಿ ಮಹೆಜಬೀನ ಕರಡಚ್ಚಿನ ಒಂದೇ ಸಾಲನ್ನು ಮೂರನೆಯ ಸಲ ಓದಿದಳು: ‘ಸೂಪಾ ಶಿವರಾಯ – ಉಪನ್ಯಾಸಕ ರೋಹಿತ ಅವರ ಗುಪ್ತನಾಮ.’

ಆ ಹೆಸರಿನಲ್ಲಿ ಹನ್ನೊಂದು ಕತೆ ಬರೆದವಳು ಅವಳು, ಹಳಿಯಾಳದ ಅಂಗನವಾಡಿ ಶಿಕ್ಷಕಿ.

“ರೋಹಿತ ಅವರಿಗೆ ಕೇಳಿದೆ, ನಕ್ಕು ಸುಮ್ಮನಾದ್ರು. ಹೌದು ಅಂತ ತಿಳ್ಕೊಂಡೆ,” ಅಂದರು ಅಡಿವೆಯ್ಯ.

“ನಗೂದೂ ದಾಖಲೆ ಏನ್ರಿ?”

“ತಪ್ಪಾತವಾ. ಆದ್ರ ಒಂದ ಹೆಸರಿಗೆ ನಾಕ ಮಂದಿ ನಂದು ಅಂತ ಬಂದದ್ದು ಕಂಡೇನಿ. ನೀ ಬರಿಯೂದು ನೋಡಿದ ಮನಿಯವರ ಒಬ್ಬರ ಸಹಿ ತಾ. ನಾಳೆ ಮುಂಜಾನೆ ಇದು ಹುಬ್ಬಳ್ಳಿ ಪ್ರೆಸ್ಸಿಗೆ ಹೋಗ್ತೈತಿ.”

“ಕೈಬರಹ ತೋರಸ್ತೇನಿ.”

“ನಕಲು ಮಾಡವ್ರೂ ಕೈಲೇ ಬರೀತಾರ.”

ಅವಳ ಮನೆಯಲ್ಲಿದ್ದವನು ಅಣ್ಣ ಮನ್ಸೂರ ಒಬ್ಬನೇ. ಹೆಸರು ಮುಚ್ಚಿಟ್ಟದ್ದೇ ಅವನಿಗೆ ಗೊತ್ತಾಗಬಾರದೆಂದು. ತಂಗಿಯ ಕಾಲೇಜು ಬಿಡಿಸಿ, ಅವಳಿಗೆ ಓದು ತಲೆಗೆ ಹತ್ತಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಗ್ಯಾರೇಜಿನವನ ಕತೆಯೊಂದು ಆ ಹನ್ನೊಂದರಲ್ಲಿತ್ತು. ಮನ್ಸೂರ ಅದನ್ನು ತನ್ನ ಗ್ಯಾರೇಜಿನ ಗಿರಾಕಿಗಳಿಗೆ ಓದಿ ಹೇಳಿ, ಎಂಥಾ ಹರಾಮಿ ಅಣ್ಣ ನೋಡ್ರಿ ಎಂದು ನಕ್ಕಿದ್ದ.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವಳು ಕೂರಲಿಲ್ಲ. ನಡುದಾರಿಯಲ್ಲೇ ಇಳಿದುಬಿಡೋಣ ಎಂದು ಎರಡು ಸಲ ಬಾಗಿಲ ತನಕ ಹೋಗಿ ಬಂದಳು. ಹಳಿಯಾಳದ ಗ್ಯಾರೇಜಿನಲ್ಲಿ ಮನ್ಸೂರ ಟೆಂಪೋದ ಕೆಳಗೆ ಮಲಗಿದ್ದ. ಅವನ ಕಾಲುಗಳಿಗೇ ಎಲ್ಲ ಹೇಳಿದಳು. ನಡುವೆ ನಿಲ್ಲಿಸಿದ್ದರೆ ಮತ್ತೆ ಶುರು ಮಾಡುವುದು ಆಗುತ್ತಿರಲಿಲ್ಲ.

ಅವನು ಹೊರಗೆ ಬಂದ. “ಆ ಗ್ಯಾರೇಜಿನವ ನಾನ?”

“ನೀನ, ಭಾಯಿ.”

“ಅಂಗನವಾಡಿ ವರದಿ ಬರೀತೇನಿ ಅಂತಿದ್ದಿ.”

“ಸುಳ್ಳ ಹೇಳಿದ್ದೆ.”

“ನಾ ಅದನ್ನ ಮಂದಿಗೆ ಓದಿ ಹೇಳುಮುಂದ ನೀ ಇಲ್ಲೇ ಇದ್ದಿ.”

“ಚಾ ಕೊಡಾಕ ಬಂದಿದ್ದೆ.”

ಮನ್ಸೂರ ಕೈಯನ್ನು ಬಹಳ ಹೊತ್ತು ಅರಿವೆಗೆ ಒರೆಸಿದ. “ಸಹಿ ಮಾಡಲಿಲ್ಲ ಅಂದ್ರ?”

ಸುಳ್ಳು ಹೇಳಿದರೆ ಕೆಲಸ ಸಲೀಸಾಗುತ್ತಿತ್ತು, ಆದರೂ ಅವಳು ಇದ್ದದ್ದನ್ನೇ ಹೇಳಿದಳು. “ಎಲ್ಲಾ ಕತಿ ಆ ರೋಹಿತ ಸರ್ ಹೆಸರಿಗೆ ಹೋಗ್ತಾವ. ನಿನ್ನ ಸುದ್ದಿ ಯಾರಿಗೂ ಗೊತ್ತಾಗೂದಿಲ್ಲ.”

“ನನ್ನ ಮನಿ ಹೊಲಸು ಅವಂದ ಹೆಂಗ ಆಗ್ತೈತಿ?” ಅವಳು ಚಾಚಿದ ಕಾಗದವನ್ನು ಟೆಂಪೋದ ಬಾನೆಟ್ ಮೇಲೆ ಇಟ್ಟು ಒತ್ತಿ ಸಹಿ ಮಾಡಿದ. “ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ.”

“ಮಾಫಿ ಕೇಳಾಕ ಬಂದಿಲ್ಲ.”

ಅವನು ಮತ್ತೆ ಟೆಂಪೋದ ಕೆಳಗೆ ಸರಿದ. ಸಹಿಯ ಮೇಲೆ ಗ್ರೀಸಿನ ಬೆರಳಚ್ಚು ಮೂಡಿತ್ತು, ಆದರೂ ಹೆಸರು ಓದಲು ಬರುತ್ತಿತ್ತು. ದಾಂಡೇಲಿಗೆ ವಾಪಸ್ ಹೋಗುವ ಬಸ್ಸು ಹಿಡಿಯಲು ಅವಳು ಸ್ಟ್ಯಾಂಡಿನ ಕಡೆ ಓಡಿದಳು.