ಯಾರ ಎಡ?

ಲಾರಿ ನಿಲ್ಲುವ ಮೈದಾನದಲ್ಲಿ ಅವನಿಗೊಂದು ಹೊಸ ಹೆಸರು ಅಂಟಿಕೊಂಡಿತ್ತು: ಟೈರಾಸುರ. ಅವನು ಓಡಿಸುತ್ತಿದ್ದ ಲಾರಿಯ ಮುಂದಿನ ಎಡ ಚಕ್ರಕ್ಕೆ ಎಂಥ ಗಟ್ಟಿ ಟೈರು ಹಾಕಿದರೂ ಒಳ ಅಂಚು ಬೋಳು ತಲೆಯಂತೆ ನುಣ್ಣಗಾಗುತ್ತಿತ್ತು. ಹೊರ ಅಂಚಿನ ಗೆರೆಗಳು ಮಾತ್ರ ಅಂಗಡಿಯಿಂದ ತಂದಂತೆಯೇ ಇರುತ್ತಿದ್ದವು. ಮೂರನೆಯ ಟೈರಿನಲ್ಲೂ ತಂತಿ ಹಲ್ಲು ಕಿರಿದ ದಿನ, ವರ್ಕ್‌ಶಾಪಿನ ಅಂಗಳದಲ್ಲಿ ನಿಂತು ಭಾವ ಕೈ ಚಾಚಿದ.

"ಬೀಗದ ಕೈ ಕೊಡಪ್ಪ. ನಾಳೆಯಿಂದ ಬೇರೆ ಡ್ರೈವರ್ ಬರ್ತಾನೆ."

ಭಾವ ಎಂದರೆ ಅಕ್ಕನ ಗಂಡ, ಲಾರಿಯ ಮಾಲೀಕ. ಲಾರಿಯ ಮುಂದೆ ನಿಂತು ಬೈದು ಗೊತ್ತೇ ಹೊರತು, ಒಳಗೆ ಕೂತು ಒಂದು ಗೇರು ಹಾಕಿ ಗೊತ್ತಿಲ್ಲದ ಮನುಷ್ಯ. ಊಟದ ಡಬ್ಬಿ ಕೊಡಲು ಬಂದಿದ್ದ ಅಕ್ಕ, ಗಂಡನ ಮುಖ ಒಮ್ಮೆ, ತಮ್ಮನ ಮುಖ ಒಮ್ಮೆ ನೋಡುತ್ತ ನಿಂತಿದ್ದಳು.

ಅವನ ಮೈಯೆಲ್ಲ ಉರಿಯಿತು. ಕೆಲಸ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಟೈರು ತಿನ್ನುವವನೆಂದು ಸ್ವಂತ ಭಾವನೇ ಕೆಳಗಿಳಿಸಿದ ಮೇಲೆ ಬೇರೆ ಯಾವ ಮಾಲೀಕ ತಾನೇ ಸ್ಟೇರಿಂಗ್ ಮುಟ್ಟಲು ಬಿಡುತ್ತಾನೆ?

"ಭಾವ, ನಾನೇನು ತಪ್ಪು ಮಾಡಿದೆ ಹೇಳಿ."

"ಬ್ರೇಕು ತುಳಿದು ತುಳಿದು ತಿನ್ನಿಸಿದ್ದೀಯ. ಇಲ್ಲಾಂದ್ರೆ ರಸ್ತೆ ಅಂಚಿನ ಕಲ್ಲಿಗೆ ಉಜ್ಜಿದ್ದೀಯ."

"ಬ್ರೇಕು ತುಳಿದು ಎಳೆದಿದ್ರೆ ಅಲ್ಲಲ್ಲಿ ಚಪ್ಪಟೆ ಆಗ್ತಿತ್ತು, ಸುತ್ತಲೂ ಒಂದೇ ಸಮ ಹೀಗೆ ಸವೀತಿರಲಿಲ್ಲ. ಕಲ್ಲಿಗೆ ಉಜ್ಜಿದ್ರೆ ಗಾಯ ಹೊರಗಡೆ ಇರ್ಬೇಕು, ಇದು ಒಳಗಡೆ. ಗಾಳಿ ಕಮ್ಮಿ ಇದ್ದಿದ್ರೆ ಎರಡೂ ಅಂಚು ಹೋಗ್ತಿತ್ತು. ದಿನಾ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡ್ತೀನಿ ನಾನು. ಕಿಂಗ್‌ಪಿನ್ ಹೋಗಿದೆ ಅಂತ ಮೊದಲ್ನೇ ಟೈರಿಗೇ ಬಡ್ಕೊಂಡೆನಲ್ಲ!"

ಮುಂದಿನ ಚಕ್ರ ಅತ್ತಿತ್ತ ತಿರುಗುವುದಕ್ಕೆ ಆಧಾರವಾಗಿ ನಿಂತ ಕಬ್ಬಿಣದ ಗೂಟವೇ ಕಿಂಗ್‌ಪಿನ್. ಅದನ್ನು ಅಪ್ಪಿಕೊಂಡಿರುವ ಬುಶ್ಶು ಸವೆದರೆ ಚಕ್ರದ ತಲೆ ಒಳಕ್ಕೆ ವಾಲಿ, ಭಾರವೆಲ್ಲ ಒಳ ಅಂಚಿನ ಮೇಲೆ ಬೀಳುತ್ತದೆ.

"ಬುಶ್ಶು ಹೊಸದು ಹಾಕಿಸಾಯ್ತಲ್ಲೋ!" ಭಾವನ ದನಿ ಏರಿತು. "ನೀನು ಜ್ವರ ಅಂತ ಕಂಬಳಿ ಹೊದ್ದು ಮಲಗಿದ್ದಾಗ ನಾನೇ ಇಲ್ಲಿಗೆ ತಂದು, ಮುಂದೆ ನಿಂತು ಮಾಡಿಸಿದ್ದೀನಿ. ಕೇಳು ಮೇಸ್ತ್ರೀನ."

ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ ಮೇಸ್ತ್ರಿ, ಅತ್ತ ದರಿ ಇತ್ತ ಪುಲಿ ಎಂಬಂತೆ ತಲೆ ಆಡಿಸಿದ. "ಹಾಕಿದ್ದೀನಿ. ಸುಳ್ಳು ಯಾಕೆ ಹೇಳ್ಲಿ."

ಈ ಒಂದು ಮಾತಿನಿಂದಲೇ ತಿಂಗಳುಗಟ್ಟಲೆ ಅವನ ಬಾಯಿ ಕಟ್ಟಿದ್ದರು. ಬುಶ್ಶು ಹೊಸದು, ಗಾಳಿ ಸರಿ, ರಸ್ತೆ ಎಲ್ಲರಿಗೂ ಅದೇ. ಉಳಿದವನು ಡ್ರೈವರ್ ಒಬ್ಬನೇ. ಬೀಗದ ಕೈಯನ್ನು ಜೇಬಿನಿಂದ ತೆಗೆದು ಭಾವನ ಅಂಗೈಗೆ ಹಾಕಿದ. ಹಾಕಿ, ಸಿಟ್ಟು ತಡೆಯಲಾರದೆ, ಟೈರು ಬದಲಿಸಲೆಂದು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದ ಆ ಎಡ ಚಕ್ರದ ತಲೆಗೆ ಬೂಟುಗಾಲಲ್ಲಿ ಜಾಡಿಸಿ ಒದ್ದ.

ಟಕ್.

"ಲೋ, ಲಾರಿ ಬೀಳಿಸ್ತೀಯ!" ಎಂದು ಭಾವ ಕೂಗಿದ.

ಮೇಸ್ತ್ರಿ ಮಾತ್ರ ಕಿವಿ ನಿಮಿರಿಸಿದ. "ಇನ್ನೊಂದ್ಸಲ ಒದಿ."

"ಏನು?"

"ಬೇಡ ಬೇಡ, ನಾನೇ ನೋಡ್ತೀನಿ." ಮೇಸ್ತ್ರಿ ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದ. ಟಕ್, ಟಕ್. ಚಕ್ರ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಕೆಳಗೆ ತೂರಿ, ಬೆರಳಿನಿಂದ ಮಣ್ಣು ಕೆರೆದು ನೋಡಿ, ಹುಬ್ಬು ಗಂಟು ಹಾಕಿಕೊಂಡು ಹೊರಬಂದ. "ಇದು ನಾನು ಹಾಕಿದ ಬುಶ್ಶಲ್ಲ. ಇದು ಅಜ್ಜನ ಕಾಲದ್ದು."

ಅವನು ಮೇಸ್ತ್ರಿಯನ್ನು ದಾಟಿ ಓಡಿ, ಸ್ಟೇರಿಂಗ್ ಇರುವ ಬಲಗಡೆ ಚಕ್ರದ ಹಿಂದೆ ಮಂಡಿಯೂರಿದ. ಅಲ್ಲಿ ಹೊಸ ಬುಶ್ಶು, ಬಾಯ್ತುಂಬ ಗ್ರೀಸು ತುಂಬಿಕೊಂಡು, ಯಾವ ಚಿಂತೆಯೂ ಇಲ್ಲದೆ ಕೂತಿತ್ತು.

"ಮೇಸ್ತ್ರೀ! ಎಡಕ್ಕೆ ಹಾಕಿ ಅಂದ್ರೆ ಬಲಕ್ಕೆ ಹಾಕಿದ್ದೀರಲ್ಲ!"

"ಮಾಲೀಕರು ತೋರ್ಸಿದ ಕಡೆ ಹಾಕ್ದೆ. ಆಗ ಎರಡೂ ಕಡೆ ಹೊಸ ಟೈರಿತ್ತು, ನನಗೇನು ಕನಸು ಬೀಳುತ್ತಾ? ಎರಡೂ ಬಿಚ್ಚಿ ನೋಡ್ತೀನಿ ಅಂದ್ರೆ, ಒಂದು ಸಾಕು, ಟೈರು ತಿಂತಿರೋ ಕಡೆ ಮಾತ್ರ ಮುಟ್ಟು ಅಂದ್ರು."

"ಎಡಗಡೇದೇ ತೋರ್ಸಿದ್ದು ನಾನು!" ಎಂದ ಭಾವ.

"ಹೇಗೆ ತೋರ್ಸಿದ್ರಿ? ಈಗ ತೋರ್ಸಿ," ಎಂದಳು ಅಕ್ಕ, ಮೊದಲ ಬಾರಿಗೆ ಬಾಯಿ ಬಿಟ್ಟು.

ಭಾವ ಲಾರಿಯ ಮುಂದೆ ಹೋಗಿ ಅದರ ಮುಖಕ್ಕೆ ಮುಖ ಕೊಟ್ಟು ನಿಂತ. "ಇಗೋ, ಇದೇ ಎಡ," ಎಂದು ತನ್ನ ಎಡಗೈ ಚಾಚಿದ. ಕೈ ನೇರವಾಗಿ ಸ್ಟೇರಿಂಗ್ ಕಡೆಯ ಚಕ್ರಕ್ಕೆ ಹೋಗಿ ನಿಂತಿತು.

ಚಾಚಿದ ಕೈಯನ್ನು ಭಾವ ಒಮ್ಮೆ ನೋಡಿದ, ಚಕ್ರವನ್ನೊಮ್ಮೆ ನೋಡಿದ. ಕೈ ಮೆಲ್ಲಗೆ ಇಳಿಯಿತು.

"ಅದು ನಿಮ್ಮ ಎಡ ಕಣ್ರೀ, ಲಾರೀದಲ್ಲ," ಎಂದಳು ಅಕ್ಕ. "ಊಟಕ್ಕೆ ಕೂತ್ರೂ ಅಷ್ಟೆ, ಎದುರಿಗೆ ಕೂತೋರ ಎಲೆಯ ಎಡಕ್ಕೆ ಉಪ್ಪು ಹಾಕಿ ಅಂದ್ರೆ ಬಲಕ್ಕೆ ಹಾಕ್ತೀರ." ಅವಳ ನಗು ಸೆರಗಿನಲ್ಲಿ ಹಿಡಿಯಲಿಲ್ಲ. ಮೇಸ್ತ್ರಿ ನಗಬಾರದೆಂದು ಸ್ಪ್ಯಾನರ್ ಹುಡುಕುವ ನೆಪದಲ್ಲಿ ತಿರುಗಿಕೊಂಡ.

ಅವನಿಗೆ ನಗು ಬರಲಿಲ್ಲ. ಮರದ ಪೆಟ್ಟಿಗೆಯೊಂದರ ಮೇಲೆ ಧೊಪ್ಪನೆ ಕೂತುಬಿಟ್ಟ. ಭಾವ ಹತ್ತಿರ ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡೇ, ಬೀಗದ ಕೈಯನ್ನು ಅವನ ತೊಡೆಯ ಮೇಲಿಟ್ಟ.

"ಇಟ್ಕೋ. ಆ ಇನ್ನೊಬ್ಬನಿಗೆ ಬರ್ಬೇಡ ಅಂತೀನಿ." ಸ್ವಲ್ಪ ತಡೆದು, "ನೀನು ಮೊದಲೇ ಒದಿಬೇಕಿತ್ತು," ಎಂದ.

"ಯಾರಿಗೆ ಭಾವ?"

ಈ ಸಲ ಭಾವನೂ ನಕ್ಕ.

ಸಂಜೆಯೊಳಗೆ ಎಡಗಡೆಯ ಪಿನ್ನೂ ಬುಶ್ಶೂ ಹೊಸದಾದವು. ಒಳಗಿಂದ ಉಕ್ಕಿ ಬರುವವರೆಗೂ ಗ್ರೀಸು ಹೊಡೆದು, ಎರಡು ಚಕ್ರಗಳ ಮುಂದು ಹಿಂದಿನ ಅಂತರ ಅಳೆದು ಸರಿಹೊಂದಿಸಿ, ಟೈರು ಹಾಕಿ ಮೇಸ್ತ್ರಿ ಜಾಕು ಇಳಿಸಿದ. ಅವನು ಲಾರಿಯನ್ನು ರಸ್ತೆಗೆ ಬಿಟ್ಟ. ಸ್ಟೇರಿಂಗ್ ಈಗ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಎರಡು ಬೆರಳಿಗೆ ಮಾತು ಕೇಳುತ್ತಿತ್ತು.

ಪಕ್ಕದ ಸೀಟಿನಲ್ಲಿ ಗಂಟಲು ಸರಿಮಾಡಿಕೊಳ್ಳುತ್ತ ಕೂತಿದ್ದ ಭಾವ, ಮನೆಯ ತಿರುವು ಬಂದಾಗ, "ಎಡಕ್ಕೆ ಹೊಡಿ," ಎಂದ.

ಅವನು ಲಾರಿ ನಿಧಾನ ಮಾಡಿದ. "ಯಾರ ಎಡ?"

"ನಿಂದೇ ಕಣೋ ಮಾರಾಯ, ನಿಂದೇ!"