ಅಲಾಯಿ ಕಟ್ಟೆಗೆ ಬಂದ ಫೌಜ್ದಾರ

ಸುರಪುರದ ಕಡೆ, ಕೃಷ್ಣೆಯ ದಂಡೆಯ ಮೇಲಿರುವ ಗೋಣಗಡ್ಡಿಯಲ್ಲಿ ಕಣ್ಣಿದ್ದವರಿಗೆ ಕೊರತೆಯಿಲ್ಲ. ಯಾರ ಒಲೆಯ ಮೇಲೆ ಯಾವ ಮೀನು ಬೇಯುತ್ತಿದೆ, ಯಾರ ಬೀಗರು ಊಟಕ್ಕೆ ಮೊದಲೇ ಮುನಿಸಿಕೊಂಡು ಹೋದರು ಎಂಬುದು ಹೊತ್ತು ಮುಳುಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಹನ್ನೆರಡು ವರ್ಷದ ಹಿಂದೆ ಫೌಜ್ದಾರ ಬಾಲರಾಜ ಅಂಬಿಗರ ದೇವಿಂದ್ರನನ್ನು ಹಾಡುಹಗಲೇ ಬಡಿದು, ತಲೆಯ ಮೇಲೆ ನೀರೆತ್ತುವ ಮೋಟಾರು ಹೊರಿಸಿ, ಕಳ್ಳನೆಂದು ಬೀದಿ ಬೀದಿ ಮೆರೆಸಿದ್ದನ್ನು ಮಾತ್ರ ಒಬ್ಬರೂ ನೋಡಿರಲಿಲ್ಲ.

ಆ ಮೋಟಾರು ಹೊಳೆಯ ಕೆಲಸ ಹಿಡಿದಿದ್ದ ಗುತ್ತೇದಾರನದು. ಅದನ್ನು ಯಾರೂ ಕದ್ದೇ ಇರಲಿಲ್ಲ. ಅವನ ಮನುಷ್ಯರೇ ಹೊಳೆದಂಡೆಯಲ್ಲಿ ಮರೆತು ಬಂದಿದ್ದರು. ಇದು ತಿಳಿದ ಮೇಲೂ ಫೌಜ್ದಾರ ತಪ್ಪಾಯಿತೆನ್ನಲಿಲ್ಲ. ದೇವಿಂದ್ರ ಅಂದಿನಿಂದ ನಾಲ್ಕು ಜನರ ನಡುವೆ ಕೂರಲಿಲ್ಲ. ಮದುವೆಯ ಊಟಕ್ಕೆ ಕರೆದರೆ ತಾಟಿನಲ್ಲಿ ಹಾಕಿ ಕಳಿಸಿರೆನ್ನುತ್ತಿದ್ದ. ಕಳೆದ ದೀಪಾವಳಿಗೆ ತೀರಿಕೊಂಡ. ಅವನ ಹೆಂಡತಿ ಸಾಯಬಮ್ಮನಿಗೆ ಈಗ ಉಳಿದದ್ದು ಒಂದೇ ಆಸೆ. ದೇವಿಂದ್ರ ಕಳ್ಳನಲ್ಲವೆಂದು ಊರವರ ಬಾಯಿಂದ, ಊರವರ ಮುಂದೆ ಒಮ್ಮೆ ಕೇಳಬೇಕು.

ನಿವೃತ್ತರಾದ ಪೊಲೀಸ್ ಅಧಿಕಾರಿಗಳ ಮೇಲಿನ ಹಳೆಯ ದೂರುಗಳನ್ನು ನೋಡಲು ಸರಕಾರ ಒಂದು ಸಮಿತಿ ಮಾಡಿದಾಗ ಸಾಯಬಮ್ಮ ಅಲ್ಲಿಗೆ ಅರ್ಜಿ ಹಾಕಿದಳು. ಅಲ್ಲಿಂದ ಸರಿತಾ ಎಂಬ ವಿಚಾರಣಾಧಿಕಾರಿ ಊರಿಗೆ ಬಂದರು. ಮೊಹರಮ್ಮಿನ ದಿನಗಳಾದ್ದರಿಂದ ಊರೆಲ್ಲ ಮಸೂತಿಯ ಮುಂದೆ, ಬೆಂಕಿ ಹಾಕುವ ಅಲಾಯಿ ಕುಣಿಯ ಪಕ್ಕದ ಕಟ್ಟೆಯ ಮೇಲೆ ಸೇರಿತ್ತು. ಸರಿತಾ ಅಲ್ಲೇ ಕೂತು ಕೇಳತೊಡಗಿದರು.

"ಆವಾಗ ನನಗ ಕಣ್ಣಿಗಿ ಪೊರಿ ಬಂದಿತ್ರಿ ಮೇಡಂ" ಎಂದ ಮುದುಕ ಬಸವಂತ್ರಾಯ.

"ಆಪರೇಷನ್ ಯಾವಾಗ ಆಯ್ತು ಅಜ್ಜಾ?"

"ಇನ್ನಾ ಆಗಿಲ್ರಿ" ಎಂದವನು, ಆಚೆ ದಂಡೆಗೆ ಹೊರಟಿದ್ದ ತೆಪ್ಪದ ಕಡೆ ನೋಡಿ, "ಅಲ್ನೋಡ್ರಿ, ನಮ್ಮ ಅಳಿಯ ಮತ್ತ ಬೀಡಿ ಸೇದಾಕತ್ಯಾನ" ಎಂದ.

ಸಾಯಬಮ್ಮನ ನೆರೆಮನೆಯ ಹನುಮಮ್ಮನ ಸರದಿ ಬಂತು. "ನಾ ಅವತ್ತ ತವರಮನಿಗಿ ಹೋಗಿದ್ನಿರಿ, ಕೆಂಭಾವಿಗಿ."

"ಯಾವತ್ತು?"

"ನೀವು ಯಾವತ್ತ ಅಂತೀರಿ, ಅವತ್ರಿ."

ಸರಿತಾ ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ಅಮ್ಮಾ, ನೀವೊಬ್ಬರೇ ಹೇಳಿದರೆ ಸಾಲದು. ಕಣ್ಣಾರೆ ನೋಡಿದವರು ಬೇಕು. ಇವತ್ತು ಯಾರೂ ಸಿಗದಿದ್ದರೆ ಈ ದೂರು ಇಲ್ಲಿಗೇ ಮುಗಿಯುತ್ತದೆ."

ಸಾಯಬಮ್ಮ ಮಸೂತಿಯೊಳಗೆ ಕೂತಿದ್ದ ಪೀರದೇವರ ಕಡೆ ತಿರುಗಿ ಕೈ ಮುಗಿದಳು. ನಿನಗೆ ಕಾಣದ್ದು ಯಾವುದಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಆ ಊರಿನಲ್ಲಿ ಪೀರದೇವರು ಕೂತಿರುವಷ್ಟು ದಿನ ಸೋಗು ಹಾಕುವ ಪದ್ಧತಿಯಿದೆ. ಹುಲಿ, ಸಾಹುಕಾರ, ಡಾಕ್ಟರ್, ಯಾವ ವೇಷವಾದರೂ ಸರಿ. ಸೋಗಿನವನು ಸೋಗು ಬಿಟ್ಟು ಮಾತಾಡಬಾರದು. ನೋಡುವವರು ಅವನು ಯಾರೆಂದು ಕೇಳಬಾರದು. ಅವನು ಬೈದರೆ ಅದೇ ಆಶೀರ್ವಾದ. ಈ ವರ್ಷ ಕಿರಾಣಿ ಅಂಗಡಿಯ ಹಣಮೇಶ ಸುರಪುರದಿಂದ ಹೊಸ ಸೋಗಿನವನೊಬ್ಬನನ್ನು ಕರೆಸಿ, ಬಾಲರಾಜ ಫೌಜ್ದಾರನ ಸೋಗನ್ನೇ ಹಾಕಿಸುವನೆಂದು ಊರಿಗೆಲ್ಲ ಸುದ್ದಿಯಿತ್ತು. ಎಲ್ಲರೂ ಅದಕ್ಕೇ ಕಾದಿದ್ದರು.

ಆಗ ಆಟೋ ಒಂದು ಬಂದು ನಿಂತಿತು. ಅದರಿಂದ ಫೌಜ್ದಾರ ಇಳಿದ.

ಇಳಿದವನು ನಿಜವಾದ ಬಾಲರಾಜ. ನೌಕರಿ ಮುಗಿದು ಶಹಾಪುರದಲ್ಲಿ ಮನೆ ಕಟ್ಟಿಸಿಕೊಂಡಿದ್ದ. ವಿಚಾರಣೆಯವರು ನಾಳೆ ಬರುತ್ತಾರೆಂದು ಯಾರೋ ಅವನಿಗೆ ಹೇಳಿದ್ದರು. ಹಾಗಾದರೆ ಇವತ್ತೇ ಹೋಗಿ ಜನರಿಗೆ ಒಂದು ಮಾತು ನೆನಪು ಮಾಡಿ ಬರೋಣವೆಂದು ಟ್ರಂಕಿನಿಂದ ಹಳೆಯ ಖಾಕಿ ತೆಗೆದು ತೊಟ್ಟಿದ್ದ. ಖಾಕಿ ಈಗ ಅವನ ಮೈಗೆ ಸಾಲುತ್ತಿರಲಿಲ್ಲ. ಗುಂಡಿಗಳು ಪ್ರಾಣ ಬಿಗಿಹಿಡಿದಿದ್ದವು. ಬಣ್ಣ ಹಚ್ಚಿದ ಮೀಸೆ ಆಗತಾನೇ ಅಂಟಿಸಿದಂತೆ ಹೊಳೆಯುತ್ತಿತ್ತು.

"ಸೋಗು ಬಂತು, ದಾರಿ ಬಿಡ್ರಿ" ಎಂದ ಪೀರದೇವರನ್ನು ನೋಡಿಕೊಳ್ಳುವ ಮುಜಾವರ ಶರೀಫಸಾಬ. ಹಲಗೆಯವರು ಬಾರಿಸತೊಡಗಿದರು.

"ಏನ್ ಹಂಗ ನೋಡ್ತೀರಲೇ?" ಬಾಲರಾಜ ಬೆತ್ತ ಆಡಿಸಿದ. "ಗುರುತು ಸಿಗಲಿಲ್ಲೇನು? ನಾನು ಫೌಜ್ದಾರ ಬಾಲರಾಜ."

ಕಟ್ಟೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು.

"ದನಿ ಸೈತ ಬರೋಬ್ಬರಿ ಕಲ್ತಾನ ನೋಡು" ಎಂದನೊಬ್ಬ.

"ಹೊಟ್ಟಿ ಜರಾ ಜಾಸ್ತಿ ಆತು" ಎಂದಳು ಹನುಮಮ್ಮ. "ಎರಡು ದಿಂಬು ಕಟ್ಕೊಂಡಿಯೇನೋ ತಮ್ಮಾ?"

ಬಸವಂತ್ರಾಯ ಹತ್ತಿರ ಹೋಗಿ ಮೀಸೆಯನ್ನು ಎಳೆದು ನೋಡಿದ. "ಅಂಟು ಭಾಳ ಗಟ್ಟಿ ಐತಿ."

"ಒದ್ದು ಒಳಗ ಹಾಕ್ತೀನಿ ಮಕ್ಕಳ್ರ" ಎಂದು ಬಾಲರಾಜ ಗುಡುಗಿದ. ಒಬ್ಬಳು ರಚ್ಚೆ ಹಿಡಿದ ಕೂಸನ್ನು ತಂದು ಅವನ ಮುಂದೆ ಹಿಡಿದು, "ಇದಕೂ ಒಂದ್ಸಲ ಬೈರಿ ಸಾಹೇಬ್ರ, ಅಳೂದು ಬಿಡ್ತದ" ಎಂದಳು.

ಸಾಯಬಮ್ಮನಿಗೆ ಮೊದಲ ಮಾತಿಗೇ ಗುರುತು ಸಿಕ್ಕಿತ್ತು. ಆ ದನಿ ಅವಳ ನಿದ್ದೆಯಲ್ಲಿ ಎಷ್ಟು ಸಲ ಬಂದು ಹೋಗಿತ್ತೋ. ಇವನು ಸೋಗಲ್ಲ, ಅವನೇ ಎಂದು ಬಾಯಿ ಬಿಟ್ಟರೆ ಈ ಕಟ್ಟೆ ಈಗಲೇ ಬರಿದಾಗುತ್ತದೆ. ಸುಮ್ಮನಿದ್ದರೆ? ಅವಳು ಸೆರಗು ಬಿಗಿದುಕೊಂಡು ಎದ್ದಳು.

"ಫೌಜ್ದಾರ ಸಾಹೇಬ್ರ, ಅಂಬಿಗರ ದೇವಿಂದ್ರ ನೆನಪದಾನೇನ್ರಿ?"

"ಯಾಕಿಲ್ಲ?" ಬಾಲರಾಜ ತಾನು ಬಂದ ಕೆಲಸಕ್ಕೆ ಬಂದ. "ನಾಕು ಏಟು ಬಿಗದು, ಮೋಟಾರ್ ಹೊರಿಸಿ ಮೆರೆಸಿದ್ನಿ. ಯಾವನರ ಬಾಯಿ ಬಿಟ್ರ ಅವಗೂ ಅದ ಗತಿ. ತಿಳೀತೇನು?"

ಕಟ್ಟೆಯ ಮೇಲೆ ಬೇಸರ ಹಬ್ಬಿತು. ಇಷ್ಟು ಖರ್ಚು ಮಾಡಿ ಕರೆಸಿದ ಸೋಗಿನವನಿಗೆ ಕಥೆಯೇ ಸರಿಯಾಗಿ ಗೊತ್ತಿಲ್ಲ.

"ಹಂಗಲ್ಲೋ ತಮ್ಮಾ" ಎಂದ ಕಣ್ಣಿಗೆ ಪೊರೆ ಬಂದಿದ್ದ ಬಸವಂತ್ರಾಯ. "ನಾಕ ಏಟಿಗಿ ಎಲ್ಲಿ ಬಿಟ್ಟ? ಬೆತ್ತ ಮುರಿಯೂ ಮಟ ಹೊಡದ. ಆಮ್ಯಾಲ ಬೆಲ್ಟ್ ಬಿಚ್ಚಿದ. ಆ ಬೇವಿನ ಗಿಡದ ಕೆಳಗ ನಿಂತು ಆಡು, ಅಲ್ಲೇ ಹೊಡದಿದ್ದು."

"ಗುತ್ತೇದಾರನ ಸೋಗು ಎಲ್ಲೈತಿ?" ಎಂದಳು ತವರಿಗೆ ಹೋಗಿದ್ದ ಹನುಮಮ್ಮ. "ಅಂವ ಜೀಪಿನ್ಯಾಗ ಕುಂತು ನಗತಿದ್ದ. ಮತ್ತ ನಮ್ಮ ಬಾಗಲ ಮುಂದ ದೇವಿಂದ್ರಣ್ಣ ಬಿದ್ದಾಗ ಮೋಟಾರ್ ಬಡದು ನಮ್ಮ ಕಟ್ಟಿ ಒಡದೈತಿ. ಬಾ, ತೋರಸ್ತೀನಿ, ಅಲ್ಲಿನೂ ಒಂದು ಸಲ ಬಿದ್ದು ತೋರ್ಸು."

ಒಬ್ಬೊಬ್ಬರಾಗಿ ಎಲ್ಲರೂ ತಿದ್ದಿದರು. ಹಿಂದಿನಿಂದ ಒದ್ದದ್ದು ಬಲಗಾಲಿನಿಂದ, ಎಡಗಾಲಿನಿಂದಲ್ಲ. ಕಳ್ಳನೆಂದು ಕೂಗಲು ಒಪ್ಪದಿದ್ದಾಗ ಕಿವಿ ಹಿಂಡಿದ್ದು ಹನುಮಪ್ಪನ ಗುಡಿಯ ಹತ್ತಿರ. ಇದೆಲ್ಲ ಸರಿತಾ ಅವರ ತೊಡೆಯ ಮೇಲಿದ್ದ ಮೊಬೈಲಿಗೆ ಕೇಳಿಸುತ್ತಿತ್ತು. ಅವರ ಪೆನ್ನೂ ಓಡುತ್ತಿತ್ತು.

ಅಷ್ಟರಲ್ಲಿ ಹಣಮೇಶ ಬೆವರುತ್ತಾ ಓಡಿಬಂದ. "ಬಸ್ ತಡಾ ಆತ್ರಿಪ್ಪ, ಈಗ ಬಂತು" ಎಂದು ತನ್ನ ಹಿಂದಿದ್ದವನನ್ನು ಮುಂದೆ ತಳ್ಳಿದ. ಅವನು ಕಡ್ಡಿಯಂಥ ಮನುಷ್ಯ. ಖಾಕಿ ತೊಟ್ಟಿದ್ದ. ಮೀಸೆ ಒಂದು ಕಡೆ ಬಿಟ್ಟುಕೊಂಡು ಜೋತಾಡುತ್ತಿತ್ತು.

ಕಟ್ಟೆಯವರು ಆ ಫೌಜ್ದಾರನನ್ನು ನೋಡಿದರು, ಈ ಫೌಜ್ದಾರನನ್ನು ನೋಡಿದರು. ಹಲಗೆ ನಿಂತಿತು. ಬಸವಂತ್ರಾಯ, ಮೀಸೆ ಎಳೆದಿದ್ದ ತನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

ಸರಿತಾ ಎದ್ದು ತಾವು ಯಾರೆಂದು ಹೇಳಿದರು. ಬಾಲರಾಜನ ಮುಖದ ಬಣ್ಣ ಇಳಿಯಿತು. ಮೀಸೆಯದು ಮಾತ್ರ ಉಳಿಯಿತು.

"ಮೇಡಂ, ನಾನು ಅವತ್ತು ರಜಾದ ಮ್ಯಾಲಿದ್ನಿರಿ" ಎಂದ.

"ತವರಮನಿಗಿ ಹೋಗಿದ್ರೇನ್ರಿ?" ಎಂದು ಹನುಮಮ್ಮನ ಬಾಯಿಂದ ಬಂದೇಬಿಟ್ಟಿತು.

ಯಾರೋ ಕಿಸಕ್ಕನೆ ನಕ್ಕರು. "ನಿವೃತ್ತರಾದ ಮೇಲೆ ಸಮವಸ್ತ್ರ ತೊಟ್ಟು ಸಾಕ್ಷಿಗಳನ್ನು ಹೆದರಿಸುವುದು ಬೇರೆಯದೇ ಅಪರಾಧ" ಎಂದರು ಸರಿತಾ. "ಯಾದಗಿರಿಗೆ ವಿಚಾರಣೆಗೆ ಬನ್ನಿ. ಬರುವಾಗ ಪಂಚೆ ಉಟ್ಟುಕೊಂಡು ಬನ್ನಿ." ನಂತರ ಮುದುಕನ ಕಡೆ ತಿರುಗಿದರು. "ಅಜ್ಜಾ, ನೀವು ಈಗ ಹೇಳಿದ್ದನ್ನು ನಿಮ್ಮ ಹೆಸರಿನಲ್ಲಿ ಬರೆದುಕೊಳ್ಳಲೇ?"

ಬಸವಂತ್ರಾಯ ಬೆತ್ತ ನೋಡಿದ, ನೆಲ ನೋಡಿದ. ಸಾಯಬಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಪೀರದೇವರ ಮುಂದ ಆಡಿದ ಮಾತೈತಿ ಬಸವಂತ್ರಾಯ" ಎಂದ ಶರೀಫಸಾಬ, ಮೆಲ್ಲಗೆ. "ಸೋಗಿನವಗ ಹೇಳಿದ್ರೂ ಅಷ್ಟ, ಖರೇದವಗ ಹೇಳಿದ್ರೂ ಅಷ್ಟ."

"ನಾ ಎಲ್ಲಿ ಇಲ್ಲ ಅಂದೆ?" ಮುದುಕ ಸಿಡುಕಿದ. "ಬರಕೋರಿ ಮೇಡಂ. ನೋಡೀನಿ, ಎಲ್ಲಾ ನೋಡೀನಿ. ದೇವಿಂದ್ರ ಕಳ್ಳ ಅಲ್ಲ."

"ನನ್ನೂ ಬರಕೋರಿ" ಎಂದಳು ಹನುಮಮ್ಮ. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು ಎದ್ದರು. ಬಾಲರಾಜ ಆಟೋ ಹುಡುಕಿದ. ಆಟೋದವನು ಸಾಕ್ಷಿ ಹೇಳುವವರ ಸಾಲನ್ನು ನೋಡುತ್ತಾ ನಿಂತಿದ್ದ.

ಸಾಯಬಮ್ಮ ಬಸವಂತ್ರಾಯನ ಹತ್ತಿರ ಬಂದಳು. ಅಷ್ಟು ವರ್ಷ ಕಾದಿದ್ದ ಮಾತು ಇಷ್ಟು ಬೇಗ ಮುಗಿದುಹೋಯಿತಲ್ಲ ಎನಿಸಿತು.

"ಹಲಗಿ ಸಪ್ಪಳದಾಗ ಬರೋಬ್ಬರಿ ಕೇಳಿಸಲಿಲ್ಲ ಕಾಕಾ. ಇನ್ನೊಂದು ಸಲ ಹೇಳ್ರಿ."

ಹಲಗೆ ನಿಂತು ಬಹಳ ಹೊತ್ತಾಗಿತ್ತು. ಬಸವಂತ್ರಾಯ ಅದನ್ನು ಹೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ಹೊಳೆಯವರೆಗೂ ಕೇಳುವಂತೆ ಇನ್ನೊಮ್ಮೆ ಹೇಳಿದ.