ದಡಕ್ಕೆ ಹೋದ ಮರಳು

ಮರಳು ಕೆದರುತ್ತಿದ್ದ ಬೆಕ್ಕನ್ನು ಬೀದಿಯ ತನಕ ಅಟ್ಟಿ ಬಂದು ಸಣ್ಣರಂಗಯ್ಯ ಮನೆ ಮುಂದಿನ ಮರಳಿನ ಗುಡ್ಡೆಗೆ ಮತ್ತೆ ಟಾರ್ಪಾಲು ಹೊದಿಸುತ್ತಿದ್ದ. ಅಷ್ಟರಲ್ಲಿ ಅವನ ತಾಯಿ ಕೆಂಚಮ್ಮ ಹೊಳೆಯಿಂದ ಬಂದು ಬಿಂದಿಗೆ ಇಳಿಸಿದಳು. ಒಳಗಿದ್ದದ್ದು ಬರೀ ರಾಡಿ.

“ನೋಡ್ಲಾ, ಒರತೆ ತೋಡುದ್ರೆ ಇದು ಬತ್ತೈತೆ. ಮದ್ವೆಗೆ ನಲ್ಲಿ ನೀರೇ ಹಿಡ್ದು ಪೂಜೆ ಮಾಡನ ಬುಡು,” ಎಂದು ಒಳಗೆ ಹೋದಳು.

ಮದುವೆಗೆ ಮುಂಚೆ ಹೆಂಗಸರು ಜಯಮಂಗಲಿ ಹೊಳೆಯ ದಡದ ಮರಳಲ್ಲಿ ಗುಂಡಿ ತೋಡಿ, ಜಿನುಗುವ ತಿಳಿನೀರನ್ನು ಗಂಗೆಯೆಂದು ಪೂಜಿಸಿ ಮನೆಗೆ ತರುವುದು ಅವರ ಮನೆತನದ ರೂಢಿ. ಆದರೆ ದಡದ ಮರಳನ್ನು ವರ್ಷಗಟ್ಟಲೆ ಟ್ರ್ಯಾಕ್ಟರುಗಳು ಹೊತ್ತೊಯ್ದವು, ಉಳಿದದ್ದನ್ನು ನೆರೆ ಕೊಚ್ಚಿಕೊಂಡು ಹೋಯಿತು. ಈಗ ಸಣ್ಣರಂಗಯ್ಯನ ಮಗಳು ರಕ್ಷಾಳ ಮದುವೆ ಬಾಗಿಲಿಗೆ ಬಂದಿತ್ತು.

ಅವ್ವ ಬೈದಿದ್ದರೆ ಸಣ್ಣರಂಗಯ್ಯನೂ ಎದುರಾಡುತ್ತಿದ್ದ. ‘ಬುಡು’ ಅಂದದ್ದೇ ಅವನನ್ನು ಚುಚ್ಚಿತು. ಈ ಗುಡ್ಡೆಯೂ ಅದೇ ದಡದ್ದು. ಮಾಳಿಗೆ ಮೇಲೊಂದು ಕೋಣೆ ಕಟ್ಟಲೆಂದು ಅವನು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ಈಗ ಅಂಥ ಮರಳು ಬೇಕೆಂದರೂ ಸಿಗದು.

ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ. “ಇದ್ನ ದಡಕ್ಕೆ ಸುರುದ್ರೆ ಹೆಂಗೆ?”

ಮುದ್ದೆ ಬಡಿಸುತ್ತಿದ್ದ ಲಕ್ಷ್ಮೀದೇವಿ ಹಾಗೇ ನಿಂತಳು. “ಹೊಳೇಲಿ ಹುಣಸೆಹಣ್ಣು ತೊಳ್ದಂಗೆ. ಒಂದು ಮಳೆ ಬಂದ್ರೆ ಕೊಚ್ಕಂಡು ಹೋಯ್ತದೆ. ಮ್ಯಾಲಿನ ರೂಮು?”

“ಎಂ-ಸ್ಯಾಂಡ್ ಐತಲ್ಲ.”

“ಆ ಕಲ್ಲಿನ ಪುಡಿ ಮರಳೇ ಅಲ್ಲ ಅಂತ ಊರಿಗೆಲ್ಲ ಸಾರಿದೋರು ನೀವೇ ತಾನೆ?” ಎಂದು ನಕ್ಕಳು. ಬೇಡವೆನ್ನಲಿಲ್ಲ.

ಮಾರನೆಯ ದಿನ ಊರಲ್ಲಿ ಮರಳು ಸಾಗಿಸುವ ನಸ್ರುಲ್ಲಾ ಟ್ರ್ಯಾಕ್ಟರು ತಂದ. “ಹೊಳೆಯಿಂದ ಮರಳು ಹೊಡ್ದಿದ್ದೀನಿ ರಂಗಣ್ಣ. ಹೊಳೆಗೆ ಹೊಡೀತಿರೋದು ಇದೇ ಮೊದ್ಲು,” ಎಂದ. ದಡ ಕುಸಿದಿದ್ದ ಜಾಗದಲ್ಲಿ ಇಬ್ಬರೂ ಸೇರಿ ಮರಳು ಹರವಿದರು. ನೋಡಿದವರು ಸಣ್ಣರಂಗಯ್ಯನಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಅವನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಮದುವೆಯ ಮುನ್ನಾದಿನ ಕೆಂಚಮ್ಮ ಕೈಯಿಂದಲೇ ಒರತೆ ತೋಡಿದಳು. ಮೊದಲು ಕದಡು ನೀರು ಬಂತು. ಮೊಗೆದು ಚೆಲ್ಲಿದಳು, ಮತ್ತೆ ಮೊಗೆದಳು. ಆಮೇಲೆ ಜಿನುಗಿದ ನೀರಿನಲ್ಲಿ ಆಕೆಯ ಬಳೆಗಳು ಸ್ಪಷ್ಟವಾಗಿ ಕಂಡವು. “ಬಂದ್ಲು ಕಣಮ್ಮ, ಗಂಗವ್ವ,” ಎಂದು ರಕ್ಷಾಳ ಹಣೆಗೆ ಆ ನೀರು ಹಚ್ಚಿದಳು. ಕೋಣೆ ಕಟ್ಟಿ ಮುಗಿಸಿದ್ದರೂ ಸಣ್ಣರಂಗಯ್ಯನಿಗೆ ಅಷ್ಟು ಹಿಗ್ಗಾಗುತ್ತಿರಲಿಲ್ಲ.

ಮದುವೆಯಾಗಿ ಮಗಳು ಗಂಡನ ಮನೆ ಸೇರಿದ ಮೇಲೆ ಮಳೆ ಹಿಡಿಯಿತು. ಹೊಳೆ ಕೆಂಪಗೆ ಹರಿಯಿತು. ಮಳೆ ಬಿಟ್ಟ ಬೆಳಗ್ಗೆ ನೋಡಲು ಹೊರಟವನಿಗೆ ಲಕ್ಷ್ಮೀದೇವಿ, “ಹುಣಸೆಹಣ್ಣು ಉಳಿದಿದ್ರೆ ಮನೆಗೆ ತನ್ನಿ, ಸಾರಿಗಾಯ್ತದೆ,” ಎಂದು ಕಾಲೆಳೆದಳು.

ಮರಳು ಮುಕ್ಕಾಲು ಪಾಲು ಹೋಗಿತ್ತು. ಆದರೆ ಉಳಿದ ಪಟ್ಟಿಯ ಮೇಲೆ ಯಾರೋ ಹೆಂಗಸರು ಅರಿಶಿನ ಕುಂಕುಮದ ತಟ್ಟೆ, ಕಳಸ ಇಟ್ಟುಕೊಂಡು ಕೂತಿದ್ದರು. ಒಬ್ಬ ಮುದುಕಿ ಮರಳು ಕೆದಕುತ್ತಿದ್ದಳು.

“ಯಾವೂರಮ್ಮ?” ಎಂದ.

“ಕೊರಟಗೆರೆ ಕಡೆಯೋರಪ್ಪ. ಮೊಮ್ಮಗನ ಮದ್ವೆ. ಇಲ್ಲಿ ಮರಳೈತೆ ಅಂದ್ರು, ಬಂದ್ವಿ.”

“ಅಲ್ಲಿ ಬ್ಯಾಡ, ಒಸಿ ದಡದ ಕಡೀಕೆ ತೋಡ್ಬೇಕು,” ಎಂದು ಸಣ್ಣರಂಗಯ್ಯ ಚಪ್ಪಲಿ ಬಿಟ್ಟು ಇಳಿದು, ಮೊಣಕಾಲೂರಿ ಒದ್ದೆ ಮರಳಿಗೆ ಕೈ ಹಾಕಿದ.